ಪೇಟೆಯ ಜಗಲಿಯೂ ಮುಪ್ಪಿನ ಹೆಜ್ಜೆಯೂ



ಬೆಂಗಳೂರಿನ ಹಳೆಯ ಪೇಟೆಯ ಬೀದಿಗಳಲ್ಲಿ ನೀವು ಎಂದಾದರೂ ಕಾಲ್ನಡಿಗೆಯಲ್ಲಿ ಸಂಚರಿಸಿದ್ದರೆ ಒಂದು ಸಂಗತಿಯನ್ನು ಗಮನಿಸಿರಬಹುದು. ಅಂಗಡಿಗಳ ನಾಮಫಲಕಗಳ ಮರೆಯಲ್ಲಿ, ಗಾರೆ ಕಳಚಿಹೋದ ಯಾವುದೋ ಹಳೆಯ ಮನೆಯ ಮುಂದೆ, ಮೊಣಕಾಲೆತ್ತರದ ಕಲ್ಲಿನ ಜಗಲಿಯೊಂದು ಇನ್ನೂ ಉಳಿದಿರುತ್ತದೆ. ಅದರ ಮೇಲೆ ಇಂದು ಬಟ್ಟೆಯ ಗಂಟುಗಳೋ ಪುಸ್ತಕದ ಕಟ್ಟುಗಳೋ ಕುಳಿತಿರುತ್ತವೆ. ಆ ಕಲ್ಲನ್ನು ಮೊದಲು ಹಾಸಿದುದು ಸರಕಿಗಾಗಿ ಅಲ್ಲ, ಮನುಷ್ಯರಿಗಾಗಿ. ಅದರಲ್ಲಿಯೂ ಮನೆಯ ಹಿರಿಯರಿಗಾಗಿ. ನಗರಗಳನ್ನು ವಯೋವೃದ್ಧರಿಗೆ ಅನುಕೂಲವಾಗುವಂತೆ ರೂಪಿಸಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಅದನ್ನು ಹೊರಗಿನಿಂದ ಬಂದ ಹೊಸ ವಿಚಾರವೆಂದು ಭಾವಿಸುವ ಮುನ್ನ ಈ ಜಗಲಿಯ ವೃತ್ತಾಂತವನ್ನು ನಿಮ್ಮ ಮುಂದಿರಿಸಬೇಕೆನಿಸಿತು.

ಕೆಂಪೇಗೌಡರು 1537ರಲ್ಲಿ ಪೇಟೆಯನ್ನು ಕಟ್ಟಿಸಿದರೆಂಬುದು ವಿದಿತವೇ ಆಗಿದೆ. ದೊಡ್ಡಪೇಟೆ, ಚಿಕ್ಕಪೇಟೆಗಳು ಒಂದನ್ನೊಂದು ಅಡ್ಡಹಾಯುವ ಆ ಊರು ಕಾಲ್ನಡಿಗೆಯ ಅಳತೆಯದು. ಎತ್ತಿನ ಗಾಡಿ, ತಲೆಹೊರೆ, ಮನುಷ್ಯರ ಕಾಲು, ಇವಿಷ್ಟೇ ಅಲ್ಲಿಯ ವಾಹನಗಳು. ಇಂತಹ ಊರಿನಲ್ಲಿ ಜಗಲಿಯು ಮನೆಗೂ ಬೀದಿಗೂ ಸೇರಿದ ಸ್ಥಳವಾಗಿತ್ತು. ಸೂರಿನ ನೆರಳು ಅದರ ಮೇಲೆ ಬೀಳುತ್ತಿತ್ತು. ಎದ್ದೇಳುವಾಗ ಹಿಡಿದುಕೊಳ್ಳಲು ಕಂಬವಿರುತ್ತಿತ್ತು. ಮೊಣಕಾಲು ನೋಯುವವನು ತೀರ ಕೆಳಕ್ಕೆ ಬಾಗಬೇಕಾಗಿರಲಿಲ್ಲ. ದುಡಿಮೆಯಿಂದ ಬಿಡುಗಡೆ ಹೊಂದಿದ ಅಜ್ಜ ಅಲ್ಲಿ ಕುಳಿತು ಬಂದವರನ್ನು ವಿಚಾರಿಸುತ್ತಿದ್ದ, ಬೀದಿಯ ಮಕ್ಕಳ ಮೇಲೆ ಕಣ್ಣಿಡುತ್ತಿದ್ದ, ಲೆಕ್ಕದ ಜಗಳಗಳಿಗೆ ಸಾಕ್ಷಿ ನುಡಿಯುತ್ತಿದ್ದ. ಅವನಿಗೆ ಹೊತ್ತು ಕಳೆಯುವ ಸ್ಥಳವಾಗಿದ್ದುದು ಬೀದಿಗೆ ಕಾವಲಿನ ಸ್ಥಳವಾಗಿತ್ತು. ದೂರ ನಡೆಯಲಾರದ ದಾರಿಹೋಕನೂ ಮನೆಯಿಂದ ಮನೆಗೆ ಜಗಲಿಯ ಆಸರೆ ಹಿಡಿದು, ದಣಿವಾರಿಸಿಕೊಳ್ಳುತ್ತ ಸಂತೆಯನ್ನು ಮುಟ್ಟಬಹುದಾಗಿತ್ತು.

ಹಾಗೆಂದು ಹಳೆಯದೆಲ್ಲವನ್ನೂ ಹೊಗಳಿ ಮುಗಿಸುವಂತಿಲ್ಲ. ಆ ಜಗಲಿಗಳು ಎಲ್ಲರಿಗೂ ತೆರೆದಿರಲಿಲ್ಲ. ಪೇಟೆಯ ಬೀದಿಗಳು ಕಸುಬು ಕಸುಬಿಗೆ, ಜಾತಿ ಜಾತಿಗೆ ಹಂಚಿಹೋಗಿದ್ದವು; ಕುಳಿತುಕೊಳ್ಳುವ ಮುನ್ನ ಕುಲವನ್ನು ಕೇಳುವವರಿದ್ದರು. ವೃದ್ಧೆಯರ ಪಾಲಿಗೆ ಜಗಲಿಗಿಂತ ಹೊಸ್ತಿಲಿನ ಒಳಗಿನ ಕತ್ತಲೆಯೇ ಹೆಚ್ಚಾಗಿ ದಕ್ಕಿತು. ಹನ್ನೆರಡನೆಯ ಶತಮಾನದ ಶರಣರು ಪ್ರಶ್ನಿಸಿದ ಭೇದವು ಅವರ ಹೆಸರು ಹೇಳುವವರ ಬೀದಿಗಳಲ್ಲಿಯೂ ಉಳಿದಿತ್ತೆಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಮನೆಯ ಜಗಲಿಯಲ್ಲಿ ಕಂಡ ಈ ಆಸರೆಯ ಭಾವನೆಯೇ ಊರಿನ ಮಟ್ಟದಲ್ಲಿ ಅರವಟ್ಟಿಗೆಯಾಗಿ, ಅಶ್ವತ್ಥದ ಕಟ್ಟೆಯಾಗಿ, ಛತ್ರವಾಗಿ ರೂಪುತಳೆಯಿತು. ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರ ಛತ್ರವನ್ನು ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಪರಿಚಯಿಸಬೇಕಾಗಿಲ್ಲ. 1903ರಲ್ಲಿ ಆರಂಭವಾದ ಅದನ್ನು ಅವರು ಕಟ್ಟಿಸಿದುದು ಎಲ್ಲಿ ಎಂಬುದು ವಿಚಾರಾರ್ಹ. ಊರಾಚೆಯ ತೋಟದಲ್ಲಲ್ಲ, ರೈಲ್ವೆ ನಿಲ್ದಾಣದ ಎದುರಿಗೆ, ಧರ್ಮಾಂಬುಧಿ ಕೆರೆಯ ಸಮೀಪದಲ್ಲಿ. ರೈಲಿನಿಂದಿಳಿದ ಮುದುಕ ಗಂಟನ್ನು ಹೊತ್ತು ದೂರ ಅಲೆಯಬೇಕಾಗಿರಲಿಲ್ಲ. ದಾನಿಯ ಔದಾರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಸ್ಥಳವನ್ನು ಆರಿಸಿದ ವಿವೇಕಕ್ಕೂ ಅಷ್ಟೇ ಗೌರವ ಸಲ್ಲಬೇಕೆಂದು ನಮ್ಮ ಅಭಿಪ್ರಾಯ. ಆ ಕೆರೆ ಮುಂದೆ ಮೈದಾನವಾಗಿ, ಬಸ್ ನಿಲ್ದಾಣವಾಗಿ ಮಾರ್ಪಟ್ಟಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ತಗುಲಿತು. ಕಿಕ್ಕಿರಿದ ಪೇಟೆಯನ್ನು ಬಿಟ್ಟು ಜನ ಗಾಳಿ ಬೆಳಕುಗಳನ್ನು ಅರಸಿದರು. ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ತ್ವರಿತವಾಗಿ ಬೆಳೆದವು. ಅಗಲವಾದ ರಸ್ತೆ, ಸಾಲುಮರ, ಉದ್ಯಾನ ಇವೆಲ್ಲ ಬಂದುದು ಒಳಿತೇ. ಆದರೆ ಮನೆ ರಸ್ತೆಯಿಂದ ಹಿಂದಕ್ಕೆ ಸರಿಯಿತು, ನಡುವೆ ಕಾಂಪೌಂಡಿನ ಗೋಡೆ ಎದ್ದಿತು, ಜಗಲಿ ವರಾಂಡವಾಗಿ ಗೇಟಿನೊಳಗೆ ಸೇರಿಕೊಂಡಿತು. ರೋಗಕ್ಕೆ ಹೆದರಿ ದೂರ ಸರಿದ ಮನೆಗಳು ರೋಗ ಹೋದ ಮೇಲೂ ಹತ್ತಿರ ಬರಲಿಲ್ಲ. ಆದರೂ ರಸ್ತೆಗಳಲ್ಲಿ ಇನ್ನೂ ಶಾಂತಿಯಿತ್ತು. ಹಿರಿಯರು ಕೋಲೂರಿಕೊಂಡು ಉದ್ಯಾನದ ಬೆಂಚನ್ನು ತಲುಪುತ್ತಿದ್ದರು.

ಆ ಶಾಂತಿಯೂ ಉಳಿಯಲಿಲ್ಲ. 1941ರ ಗಣತಿಯಲ್ಲಿ ನಾಲ್ಕು ಲಕ್ಷದಷ್ಟಿದ್ದ ಜನಸಂಖ್ಯೆ 1951ಕ್ಕೆ ಎಂಟು ಲಕ್ಷದ ಹತ್ತಿರ ಬಂದಿತು. 2011ರಲ್ಲಿ ಅದು 84 ಲಕ್ಷವನ್ನು ಮೀರಿತು. ವಾಹನಗಳು ಹೆಚ್ಚಿದಂತೆ ರಸ್ತೆಗಳನ್ನು ಅಗಲಗೊಳಿಸಲಾಯಿತು. ಆ ಅಗಲೀಕರಣದಲ್ಲಿ ಮನೆಗಿಂತ ಮೊದಲು ಹೋದುದು ಜಗಲಿ. 1999ರಲ್ಲಿ ಹಳೆಯ ಪೇಟೆಯ ಅಂಚಿನಲ್ಲಿಯೇ, ಕೃಷ್ಣರಾಜ ಮಾರುಕಟ್ಟೆಯ ಬಳಿಯಿಂದ ಸಿರ್ಸಿ ವೃತ್ತದ ಕಡೆಗೆ ಮೇಲ್ಸೇತುವೆ ಸಿದ್ಧವಾಯಿತು. ವಾಹನಗಳ ಮೇಲೆ ಕರುಣೆ ತೋರಿದ ನಗರ ನಡೆಯುವವನಿಗೆ ಮೆಟ್ಟಿಲುಗಳನ್ನು ತೋರಿಸತೊಡಗಿತು: ಇಳಿಯಲು ಸುರಂಗದ ಮೆಟ್ಟಿಲು, ಹತ್ತಲು ಮೇಲ್ದಾರಿಯ ಮೆಟ್ಟಿಲು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ನೋಡಿರಿ. ರಸ್ತೆ ದಾಟುವವನು ಸೆಕೆಂಡಿಗೆ 1.2 ಮೀಟರು ನಡೆಯುವನೆಂದು ಎಣಿಸಿ ದೀಪದ ಕಾಲವನ್ನು ನಿಗದಿ ಮಾಡುವುದು ವಾಡಿಕೆ. 24 ಮೀಟರಿನ ರಸ್ತೆಗೆ 20 ಸೆಕೆಂಡು ಸಾಕೆಂದಾಯಿತು. ಸೆಕೆಂಡಿಗೆ 0.8 ಮೀಟರು ನಡೆಯುವ ವೃದ್ಧೆಗೆ ಅದೇ ರಸ್ತೆಗೆ 30 ಸೆಕೆಂಡು ಬೇಕು. ಉಳಿದ ಹತ್ತು ಸೆಕೆಂಡು ಆಕೆ ವಾಹನಗಳ ಎದುರಿನಲ್ಲಿ ನಿಂತಿರುತ್ತಾಳೆ. ಪಾದಚಾರಿ ಮಾರ್ಗ ಕನಿಷ್ಠ 1.8 ಮೀಟರು ಅಗಲವಿರಬೇಕು, ಅದರ ಅಂಚು 150 ಮಿಲಿಮೀಟರಿಗಿಂತ ಎತ್ತರವಾಗಬಾರದು ಎಂದು 2012ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗದರ್ಶಿ ಹೇಳಿತು. ನಿಮ್ಮ ಮನೆಯ ಮುಂದಿನ ಹಾದಿಯನ್ನು ಒಂದು ಅಳತೆಪಟ್ಟಿ ಹಿಡಿದು ನೀವೇ ಅಳೆಯಬಹುದು.

2007ನೆಯ ವರ್ಷ ಎರಡು ಕಾರಣಗಳಿಂದ ಸ್ಮರಣೀಯ. ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯನ್ನು ನಮ್ಮ ಸಂಸತ್ತು ಅಂಗೀಕರಿಸಿದುದು ಆಗಲೇ. ಅದು ಮಕ್ಕಳ ಕರ್ತವ್ಯವನ್ನು ಹೇಳಿತು, ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿಯ ವೃದ್ಧಾಶ್ರಮವನ್ನೂ ಕಲ್ಪಿಸಿತು. ಮನೆಗೂ ಆಶ್ರಮಕ್ಕೂ ನಡುವಿನ ಬೀದಿಯ ಬಗೆಗೆ ಏನನ್ನೂ ಹೇಳಲಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಹಿರಿಯರ ಸ್ನೇಹಿಯಾದ ನಗರಗಳ ಕುರಿತು ಒಂದು ಕೈಪಿಡಿಯನ್ನು ಪ್ರಕಟಿಸಿತು. 33 ನಗರಗಳ ಸುಮಾರು 1,500 ವೃದ್ಧರನ್ನೇ ಕೇಳಿ ಅದನ್ನು ಸಿದ್ಧಪಡಿಸಲಾಗಿತ್ತು. ನವದೆಹಲಿ, ಉದಯಪುರಗಳೂ ಅವುಗಳಲ್ಲಿ ಸೇರಿದ್ದವು. ಅವರು ಕೇಳಿದುದೇನು? ಸಮತಟ್ಟಾದ ಕಾಲುದಾರಿ, ದಾಟಲು ಸಾಕಷ್ಟು ಸಮಯ, ಶುಚಿಯಾದ ಶೌಚಾಲಯ, ಕುಳಿತುಕೊಳ್ಳಲು ಸ್ಥಳ. ನ್ಯೂಯಾರ್ಕ್ ನಗರವು 2011ರಲ್ಲಿ ಯೋಜನೆಯೊಂದನ್ನು ಕೈಗೊಂಡು, ಹಿರಿಯರು ಹೆಚ್ಚಾಗಿರುವ ಕಡೆಗಳಲ್ಲಿಯೂ ಬಸ್ಸಿನ ತಂಗುದಾಣಗಳ ಬಳಿಯಲ್ಲಿಯೂ ಬೆಂಚುಗಳನ್ನಿಡತೊಡಗಿತು. 2015ರ ಹೊತ್ತಿಗೆ ಅವು ಸಾವಿರವಾದವು. ನಮ್ಮ ಪೇಟೆಯವರು ಯಾವ ಯೋಜನೆಯೂ ಇಲ್ಲದೆ ಮನೆಗೊಂದರಂತೆ ಹಾಸಿದ ಕಲ್ಲನ್ನು ಆ ನಗರ ಕಬ್ಬಿಣದಲ್ಲಿ ಮಾಡಿಸಿತು.

ಕರ್ನಾಟಕದಲ್ಲಿ 2011ರಲ್ಲಿಯೇ ನೂರಕ್ಕೆ ಸುಮಾರು ಒಂಬತ್ತೂವರೆ ಮಂದಿ ಅರವತ್ತು ದಾಟಿದವರಿದ್ದರು. ಆ ಸಂಖ್ಯೆಯಲ್ಲಿ ನಮ್ಮ ಮಠದಲ್ಲಿ ಓದಿದವರೂ ಸೇರಿದ್ದಾರೆ. ನಗರದ ಹೊಣೆಯನ್ನು ನಗರಪಾಲಿಕೆಯ ಮೇಲೆ ಹಾಕಿ ಲೇಖನವನ್ನು ಮುಗಿಸುವುದು ಸುಲಭ. ಆದರೆ ನಮ್ಮ ಮಠದ ಮುಂದೆಯೂ ಒಂದು ಜಗಲಿ ಇದೆ. ರಾತ್ರಿ ಯಾರಾರೋ ಬಂದು ಮಲಗುತ್ತಾರೆಂದು ಅದಕ್ಕೆ ಕಬ್ಬಿಣದ ಸರಳು ಹಾಕಿಸಿದವರು ನಾವೇ. ಅಂದು ಅದು ವಿವೇಕವೆಂದೇ ತೋರಿತ್ತು. ಎರಡು ಫರ್ಲಾಂಗು ದೂರದಲ್ಲಿರುವ ಎಂಬತ್ತು ದಾಟಿದ ಹಳೆಯ ವಿದ್ಯಾರ್ಥಿಯೊಬ್ಬರು ಸೋಮವಾರದ ಪೂಜೆಗೆ ಬರುವುದನ್ನು ನಿಲ್ಲಿಸಿದಾಗ ಕಾರಣ ಕೇಳಿ ಕಳುಹಿಸಿದೆವು. ರಸ್ತೆ ದಾಟಿ ಬಂದ ಮೇಲೆ ಏದುಸಿರು ಇಳಿಯುವತನಕ ಎಲ್ಲಿಯೂ ಕುಳಿತುಕೊಳ್ಳಲು ಸ್ಥಳವಿಲ್ಲ, ಕೂಡಲೇ ಒಂಬತ್ತು ಮೆಟ್ಟಿಲು ಹತ್ತಲಾರೆ ಎಂದು ಉತ್ತರ ಬಂದಿತು.

ಕಳೆದ ಕಾರ್ತಿಕದಲ್ಲಿ ಸರಳುಗಳನ್ನು ತೆಗೆಸಿದೆವು. ಮೆಟ್ಟಿಲುಗಳ ಪಕ್ಕದಲ್ಲಿ ಕೈಹಿಡಿಕೆ ಹಾಕಿಸಲು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಇಳಿಜಾರಿನ ದಾರಿಗೆ ಸ್ಥಳ ಸಾಲದೆಂದು ಕಲ್ಲುಕುಟಿಗರು ಹೇಳುತ್ತಿದ್ದಾರೆ, ಆ ಚರ್ಚೆ ಇನ್ನೂ ಮುಗಿದಿಲ್ಲ. ಜಗಲಿಯ ಮೇಲೆ ಮೊದಲು ಬಂದು ಕುಳಿತವರು ಆ ಹಿರಿಯರಲ್ಲ, ಎದುರಿನ ಹೂವಿನ ಮುದುಕಿ. ಹಿರಿಯರು ಮರುಸೋಮವಾರ ಬಂದರು.