ಹದಿನೈದು ಕಿಲೋಮೀಟರಿನ ಯುದ್ಧ

ಫ್ರಾನ್ಸಿನ ನಾರ್ಮಂಡಿ ಕರಾವಳಿಯ ವಿಸ್ಟ್ರಿಯಾಮ್‌ನಿಂದ ಕಾನ್ ನಗರಕ್ಕೆ ಕಾಲುವೆಯ ದಂಡೆಗುಂಟ ಒಂದು ಸೈಕಲ್ ದಾರಿಯಿದೆ. ದೂರ ಸುಮಾರು 15 ಕಿಲೋಮೀಟರು. ಆ ಸೀಮೆಯ ಪರಿಚಯವೇ ಇಲ್ಲದ ಒಂಟಿ ಸವಾರನೂ ಒಂದು ಗಂಟೆಯಲ್ಲಿ ನಗರ ತಲುಪಬಲ್ಲ. ಇಷ್ಟೇ ದೂರವನ್ನು ಕ್ರಮಿಸಲು 1944ರಲ್ಲಿ ಮಿತ್ರರಾಷ್ಟ್ರಗಳ ಸೇನೆಗೆ ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು.

ಆ ವರ್ಷದ ಜೂನ್ 6ರಂದು ಸೇನೆ ಕಡಲತೀರದಲ್ಲಿ ಇಳಿಯಿತು. ಅದೇ ದಿನ ಕಾನ್ ನಗರವನ್ನು ಗೆಲ್ಲಬೇಕೆಂಬುದು ಯೋಜನೆ. ಬೇಗ ಮುನ್ನುಗ್ಗಲೆಂದು ಕೆನಡಾದ ಕೆಲವು ತುಕಡಿಗಳು ಮಡಚುವ ಸೈಕಲ್ಲುಗಳನ್ನೇ ಹೊತ್ತು ದಡಕ್ಕೆ ಬಂದಿದ್ದವು. ಆದರೆ ಜರ್ಮನ್ ಟ್ಯಾಂಕುಗಳು ಅಡ್ಡಗಟ್ಟಿದ ಮೇಲೆ ಆ ವೇಗದ ಲೆಕ್ಕಾಚಾರ ತಲೆಕೆಳಗಾಯಿತು.

ಕಾಲುವೆ ದಾರಿಯಲ್ಲಿ ಬೆನೂವಿಲ್ ಸೇತುವೆ ಸಿಗುತ್ತದೆ. ಎಂಜಿನ್ ಇಲ್ಲದ ಗ್ಲೈಡರುಗಳಲ್ಲಿ ಬಂದಿಳಿದ ಬ್ರಿಟಿಷ್ ಸೈನಿಕರು, ಜೂನ್ 6ರ ನಡುರಾತ್ರಿ ಕಳೆದ ಕೆಲವೇ ನಿಮಿಷಗಳಲ್ಲಿ ಅದನ್ನು ವಶಪಡಿಸಿಕೊಂಡಿದ್ದರು. ಆ ಹಳೆಯ ಸೇತುವೆ ಈಗ ಸಮೀಪದ ವಸ್ತುಸಂಗ್ರಹಾಲಯದಲ್ಲಿದೆ.

ಸೇತುವೆ ಸಿಕ್ಕಷ್ಟು ಸುಲಭವಾಗಿ ನಗರ ಸಿಗಲಿಲ್ಲ. ಅದರ ಉತ್ತರ ಭಾಗ ಕೈಸೇರಿದ್ದು ಜುಲೈ 9ಕ್ಕೆ. ಹೊಳೆಯಾಚೆಯ ಭಾಗಕ್ಕೆ ಮತ್ತೂ ಹತ್ತು ದಿನ ಬೇಕಾಯಿತು. ಅಷ್ಟರಲ್ಲಿ, ಬಿಡುಗಡೆ ತರಲು ಬಂದವರ ಬಾಂಬುಗಳಿಂದಲೇ ನಗರದ ಬಹುಭಾಗ ನೆಲಸಮವಾಗಿತ್ತು. ಸಾವಿರಾರು ಜನ 11ನೆಯ ಶತಮಾನದ ಕ್ರೈಸ್ತ ಮಠವೊಂದರಲ್ಲಿ ಆಶ್ರಯ ಪಡೆದು ಜೀವ ಉಳಿಸಿಕೊಂಡರು. ಆ ಮಠದ ಗೋಪುರಗಳು ಇಂದಿಗೂ ನಿಂತಿವೆ. ನಗರದ ಹೆಚ್ಚಿನ ಮನೆಗಳು ಮಾತ್ರ ಯುದ್ಧದ ನಂತರ ಕಟ್ಟಿದವು.

ಕಡಲತೀರದ ಸ್ಮಾರಕಗಳು ಹೆಚ್ಚಾಗಿ ಹೇಳುವುದು ಸೈನಿಕರ ಕಥೆಯನ್ನು. ಊರವರು ತೆತ್ತ ಬೆಲೆ ತಿಳಿಯಬೇಕಾದರೆ ಕಾಲುವೆಯ ಕೊನೆಯವರೆಗೂ ಪೆಡಲು ತುಳಿಯಬೇಕು.