ಉಲಾನ್‌ಬಾತರ್: ಕಲ್ಲಿದ್ದಲ ಒಲೆಗೆ ಬಿಸಿಲಿನ ಪರ್ಯಾಯ

ಮಂಗೋಲಿಯಾದ ಉಲಾನ್‌ಬಾತರ್ ಜಗತ್ತಿನ ರಾಜಧಾನಿಗಳಲ್ಲೇ ಅತ್ಯಂತ ಶೀತಲವಾದುದು. ಜನವರಿಯ ರಾತ್ರಿಗಳಲ್ಲಿ ಅಲ್ಲಿನ ಉಷ್ಣಾಂಶ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದು ಸಾಮಾನ್ಯ. ಚಳಿಗಾಲದಲ್ಲಿ ಅತ್ಯಂತ ಕಲುಷಿತ ಗಾಳಿಯುಳ್ಳ ನಗರಗಳ ಸಾಲಿನಲ್ಲಿಯೂ ಅದರ ಹೆಸರಿದೆ. ಮನೆಯೊಳಗೆ ಉರಿಯುವ ಕಲ್ಲಿದ್ದಲ ಒಲೆಯೇ ಇದಕ್ಕೆ ಮುಖ್ಯ ಕಾರಣ.

ಸುಮಾರು 34 ಲಕ್ಷ ಜನಸಂಖ್ಯೆಯ ದೇಶದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಈ ಒಂದೇ ನಗರದಲ್ಲಿದ್ದಾರೆ. ಬಹುಮಹಡಿ ಕಟ್ಟಡಗಳಿಗೆ ಶಾಖೋತ್ಪನ್ನ ಸ್ಥಾವರಗಳಿಂದ ಕೊಳವೆಗಳ ಮೂಲಕ ಬಿಸಿನೀರು ಹರಿದು ಕೊಠಡಿಗಳು ಬೆಚ್ಚಗಿರುತ್ತವೆ. ಆದರೆ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ವಾಸಿಸುವುದು ಗುಡ್ಡಗಳ ಇಳಿಜಾರಿನ 'ಗೆರ್' ಬಡಾವಣೆಗಳಲ್ಲಿ. ಗೆರ್ ಎಂದರೆ ಮರದ ಚೌಕಟ್ಟಿಗೆ ಉಣ್ಣೆಯ ದಪ್ಪ ಹೊದಿಕೆ ಹೊದಿಸಿದ ವೃತ್ತಾಕಾರದ ಗುಡಾರ. 'ಝುದ್' ಎಂದು ಕರೆಯಲಾಗುವ ಭೀಕರ ಚಳಿಗಾಲಗಳಲ್ಲಿ, ವಿಶೇಷವಾಗಿ 1999ರಿಂದ 2002ರವರೆಗೆ ಹಾಗೂ 2009–10ರಲ್ಲಿ, ಜಾನುವಾರು ಕಳೆದುಕೊಂಡ ಅನೇಕ ಪಶುಪಾಲಕರು ಗುಡಾರದೊಂದಿಗೇ ನಗರಕ್ಕೆ ಬಂದರು. ಕೊಳವೆಗಳು ಅವರನ್ನು ಹಿಂಬಾಲಿಸಲಿಲ್ಲ.

ಹೊಗೆಯ ಪರಿಣಾಮ

ನಗರವಿರುವುದು ಬೆಟ್ಟಗಳ ನಡುವಣ ಕಣಿವೆಯಲ್ಲಿ. ಚಳಿಗಾಲದಲ್ಲಿ ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತು ಹೊಗೆಯನ್ನು ಕೆಳಗೇ ಹಿಡಿದಿಡುತ್ತದೆ. ಕೇಂದ್ರ ಭಾಗದ ಅತಿ ಕಲುಷಿತ ಪ್ರದೇಶದ ಮಕ್ಕಳ ಶ್ವಾಸಕೋಶದ ಸಾಮರ್ಥ್ಯ ಹಳ್ಳಿಯ ಮಕ್ಕಳಿಗಿಂತ ಶೇಕಡ 40ರಷ್ಟು ಕಡಿಮೆ ಎಂದು ಯುನಿಸೆಫ್ 2018ರಲ್ಲಿ ವರದಿ ಮಾಡಿತು. ಮಾಲಿನ್ಯ ಏರಿದ ತಿಂಗಳುಗಳಲ್ಲಿ ಗರ್ಭಪಾತಗಳೂ ಏರುತ್ತವೆಂಬುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು.

2019ರ ಮೇ 15ರಿಂದ ನಗರದ ಮನೆಗಳಲ್ಲಿ ಕಚ್ಚಾ ಕಲ್ಲಿದ್ದಲನ್ನು ನಿಷೇಧಿಸಿ, ಸಂಸ್ಕರಿಸಿದ ಕಲ್ಲಿದ್ದಲ ಉಂಡೆಗಳನ್ನು ಸರ್ಕಾರ ವಿತರಿಸಿತು. ಗಾಳಿಯಲ್ಲಿನ ಸೂಕ್ಷ್ಮ ಕಣಗಳು ಇಳಿದವು. ಆದರೆ ಹೊಸ ಇಂಧನಕ್ಕೆ ಹಳೆಯ ಒಲೆಗಳು ಹೊಂದದೆ, ಕಾರ್ಬನ್ ಮಾನಾಕ್ಸೈಡ್ ಅನಿಲದಿಂದ ಕೆಲವರು ಪ್ರಾಣ ಕಳೆದುಕೊಂಡರು. ಕಲ್ಲಿದ್ದಲನ್ನು ಕಲ್ಲಿದ್ದಲಿನಿಂದಲೇ ಬದಲಿಸುವ ಕ್ರಮಕ್ಕೆ ಮಿತಿ ಇದ್ದೇ ಇತ್ತು.

ದೀಪ ಬೇರೆ, ಒಲೆ ಬೇರೆ

ಮಂಗೋಲಿಯಾಕ್ಕೆ ಸೌರಶಕ್ತಿ ಹೊಸದಲ್ಲ. ವರ್ಷಕ್ಕೆ 250ಕ್ಕೂ ಹೆಚ್ಚು ದಿನ ಬಿಸಿಲಿರುವ ನಾಡದು. 2000ದಲ್ಲಿ ಆರಂಭಗೊಂಡ 'ಒಂದು ಲಕ್ಷ ಸೌರ ಗೆರ್' ಯೋಜನೆಯಿಂದ 2012ರ ವೇಳೆಗೆ ಹುಲ್ಲುಗಾವಲಿನ ಬಹುತೇಕ ಪಶುಪಾಲಕ ಕುಟುಂಬಗಳಿಗೆ ಸೌರಫಲಕ ತಲುಪಿತ್ತು. ಆದರೆ ಅವು ದೀಪ, ಟಿ.ವಿ., ಮೊಬೈಲ್‌ಗೆ ಸಾಕಾಗುವ ಪುಟ್ಟ ಫಲಕಗಳು. ಗುಡಾರವನ್ನು ಬೆಚ್ಚಗಿಡಲು ಅದರ ಹತ್ತಾರು ಪಟ್ಟು ವಿದ್ಯುತ್ ಬೇಕು.

ಚಳಿಯಿಂದ ಫಲಕಗಳಿಗೆ ತೊಂದರೆಯಿಲ್ಲ. ತಂಪಿನಲ್ಲಿ ಅವುಗಳ ದಕ್ಷತೆ ಹೆಚ್ಚುತ್ತದೆ. ತೊಡಕಿರುವುದು ಹೊತ್ತಿನಲ್ಲಿ. ಡಿಸೆಂಬರಿನಲ್ಲಿ ಹಗಲು ಎಂಟೂವರೆ ಗಂಟೆಗೂ ಕಡಿಮೆ. ಶಾಖ ಹೆಚ್ಚು ಬೇಕಾಗುವುದು ಉಳಿದ ಕತ್ತಲಲ್ಲಿ. ಆದ್ದರಿಂದ ಬ್ಯಾಟರಿ ಅನಿವಾರ್ಯ. ಕೊರೆಯುವ ಚಳಿಯಲ್ಲಿ ಬ್ಯಾಟರಿಯ ಸಾಮರ್ಥ್ಯ ಕುಗ್ಗುವುದರಿಂದ ಅದನ್ನೂ ಗುಡಾರದೊಳಗೇ ಇಡಬೇಕಾಗುತ್ತದೆ. ಹೊರಗಿನ ಫಲಕದ ಮೇಲೆ ನೆರೆಮನೆಯ ಒಲೆಯ ಮಸಿ ಕೂರುತ್ತದೆ, ಅದನ್ನು ಒರೆಸುವ ಕೆಲಸ ಬೇರೆ.

ಹೀಗಾಗಿ ತಜ್ಞರು ಮೊದಲು ಒತ್ತು ಕೊಡುವುದು ಶಾಖ ಸೋರದಂತೆ ತಡೆಯುವುದಕ್ಕೆ. ಯುನಿಸೆಫ್ ಬೆಂಬಲಿತ ಯೋಜನೆಯೊಂದರಲ್ಲಿ ಗುಡಾರಕ್ಕೆ ಹೆಚ್ಚುವರಿ ಹೊದಿಕೆ ಹಾಕಿ ವಿದ್ಯುತ್ ಹೀಟರ್ ಅಳವಡಿಸಲಾಗುತ್ತದೆ. ಹೀಟರಿನ ಜೊತೆ ಮನೆಯಂಗಳದಲ್ಲೇ ಸೌರಫಲಕ ಹಾಗೂ ಬ್ಯಾಟರಿ ಕೂಡಿಸುವ ಪ್ರಯೋಗಗಳೂ ನಡೆದಿವೆ. ಸುಡದೆ ಉಳಿದ ಕಲ್ಲಿದ್ದಲಿನ ಲೆಕ್ಕದಲ್ಲಿ ಇಂಗಾಲದ ಸಾಲಪತ್ರ ಮಾರಿ ವೆಚ್ಚ ತುಂಬಿಕೊಳ್ಳುವುದು ಅವುಗಳಲ್ಲಿ ಒಂದರ ಹಂಚಿಕೆ.

ಸೌರಫಲಕವಿಲ್ಲದ ಬರಿಯ ಹೀಟರ್ ಪೂರ್ಣ ಪರಿಹಾರವಲ್ಲ. 2017ರಲ್ಲಿ ಗೆರ್ ಬಡಾವಣೆಗಳಿಗೆ ರಾತ್ರಿಯ ವಿದ್ಯುತ್ ಶುಲ್ಕವನ್ನು ಸರ್ಕಾರ ಮನ್ನಾ ಮಾಡಿತ್ತು. ಆದರೆ ಎಲ್ಲೆಡೆಯ ತಂತಿಗಳು ಆ ಹೊರೆ ತಾಳುವಂತಿರಲಿಲ್ಲ. ಅಲ್ಲದೆ ದೇಶದ ಬಹುಪಾಲು ವಿದ್ಯುತ್ ಉತ್ಪಾದನೆಯಾಗುವುದೂ ಕಲ್ಲಿದ್ದಲಿನಿಂದಲೇ, ಕೊರತೆ ಬಿದ್ದದ್ದರಲ್ಲಿ ಒಂದು ಭಾಗ ರಷ್ಯಾದಿಂದ ಬರುತ್ತದೆ. ಹೀಟರ್ ಬಂದ ಮನೆಯಲ್ಲೂ ಕರೆಂಟು ಕೈಕೊಟ್ಟೀತೆಂಬ ಭಯದಿಂದ ಹಳೆಯ ಒಲೆಯನ್ನು ಹೊರಗೆಸೆಯಲು ಹಿಂಜರಿಯುವವರಿದ್ದಾರೆ. ಮೈನಸ್ 30ರಲ್ಲಿ ಆ ಭಯ ಅಕಾರಣವೇನಲ್ಲ.