ಎಲೆಯಂಚಿನ ಪರಿಭಾಷೆ: ಗರಗಸ, ಅಲೆ, ಮುಳ್ಳು

ಸಸ್ಯವೊಂದನ್ನು ಗುರುತಿಸುವಾಗ ಸಸ್ಯಶಾಸ್ತ್ರಜ್ಞರು ಗಮನಿಸುವ ಲಕ್ಷಣಗಳಲ್ಲಿ ಎಲೆಯ ಅಂಚು ಪ್ರಮುಖವಾದುದು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ತೋಟಗಳಿಂದ ಜಗಳೂರಿನ ಒಣಬಯಲಿನವರೆಗೆ ಒಂದು ಸುತ್ತು ಹಾಕಿದರೆ ಈ ಪರಿಭಾಷೆಯ ಮುಖ್ಯ ಪದಗಳಿಗೆ ಉದಾಹರಣೆಗಳು ದೊರೆಯುತ್ತವೆ.

ಹಲ್ಲು, ಸೀಳು ಯಾವುದೂ ಇಲ್ಲದ ನಯವಾದ ಅಂಚನ್ನು ‘ಅಖಂಡ’ ಎನ್ನುತ್ತಾರೆ. ಹೊಂಗೆ, ಮುತ್ತುಗ ಈ ಬಗೆಯವು. ಮಾವಿನ ಎಲೆಯೂ ಅಖಂಡವೇ. ಆದರೆ ಅಂಚು ಮೇಲೆ ಕೆಳಗೆ ಬಳುಕಿದ್ದರೆ ‘ಅಲೆಯಂಚು’ ಎಂದು ಸೇರಿಸುವುದುಂಟು. ಉಷ್ಣವಲಯದ ಮರಗಳಲ್ಲಿ ಅಖಂಡ ಅಂಚು ಹೆಚ್ಚು, ಶೀತಪ್ರದೇಶಗಳಲ್ಲಿ ಹಲ್ಲಿನಂಚು ಹೆಚ್ಚು ಎಂಬುದನ್ನು ಅಮೆರಿಕದ ಬೈಲಿ ಮತ್ತು ಸಿನಾಟ್ 1915ರಲ್ಲಿ ತೋರಿಸಿದರು. ಎಲೆಯ ಪಳೆಯುಳಿಕೆಗಳಿಂದ ಪ್ರಾಚೀನ ತಾಪಮಾನವನ್ನು ಅಂದಾಜಿಸುವ ವಿಧಾನಕ್ಕೆ ಇದೇ ಆಧಾರ.

ಹಲ್ಲುಗಳು ಎಲೆಯ ತುದಿಯತ್ತ ಬಾಗಿದ್ದರೆ ‘ಗರಗಸದಂಚು’. ಬೇವು ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ. ನಾವು ಬೇವಿನ ಎಲೆ ಎನ್ನುವುದು ವಾಸ್ತವವಾಗಿ ಸಂಯುಕ್ತ ಎಲೆಯ ಒಂದು ಕಿರುಎಲೆ ಮಾತ್ರ. ಅಂಚನ್ನು ಪರೀಕ್ಷಿಸಬೇಕಾದುದು ಆ ಕಿರುಎಲೆಯಲ್ಲಿಯೇ. ಹಲ್ಲುಗಳು ನೇರವಾಗಿ ಹೊರಕ್ಕೆ ಚಾಚಿದ್ದರೆ ‘ದಂತುರ’. ದುಂಡಗಿದ್ದರೆ ‘ದುಂಡುಹಲ್ಲಿನ ಅಂಚು’. ತೇವದ ನೆಲದ ಒಂದೆಲಗ ಹಾಗೂ ಕಾಡುಬಸಳೆ ಇಂತಹವು. ಕಾಡುಬಸಳೆಯ ಅಂಚಿನ ಕಚ್ಚುಗಳಲ್ಲಿ ಮರಿಗಿಡಗಳೇ ಹುಟ್ಟುತ್ತವೆ. ಸೀಳು ಆಳಕ್ಕಿಳಿದರೆ ಹತ್ತಿಯ ಎಲೆಯಂತೆ ‘ಹಾಲೆ’ಗಳಾಗುತ್ತವೆ. ಹರಳಿನ ಎಲೆಗೆ ಹಾಲೆಗಳೂ ಉಂಟು, ಪ್ರತಿ ಹಾಲೆಗೆ ಗರಗಸದಂಚೂ ಉಂಟು.

ಈ ಪದಗಳು ಕೇವಲ ಪರೀಕ್ಷೆಗೆ ಓದುವ ಪಾಠವಲ್ಲ ಎಂಬುದಕ್ಕೆ ‘ಮುಳ್ಳಂಚು’ ಸಾಕ್ಷಿ. ಪಾಳು ಹೊಲ ಮತ್ತು ರಸ್ತೆಬದಿಗಳಲ್ಲಿ ಬೆಳೆಯುವ ಅರಿಶಿನ ಉಮ್ಮತ್ತಿ, ಅಂದರೆ ಆರ್ಜಿಮೋನ್ ಮೆಕ್ಸಿಕಾನಾ, ಮೆಕ್ಸಿಕೊ ಕಡೆಯಿಂದ ಬಂದ ಕಳೆ. ಇದರ ಬೀಜ ಸಾಸಿವೆಯನ್ನು ಹೋಲುತ್ತದೆ. ಬೀಜದ ಎಣ್ಣೆಯಲ್ಲಿರುವ ಸಾಂಗ್ವಿನರಿನ್ ಎಂಬ ವಿಷ ಕಾಲುಬಾವು, ಉಸಿರಾಟದ ತೊಂದರೆ ಮತ್ತು ಹೃದಯವೈಫಲ್ಯಕ್ಕೆ ಕಾರಣವಾಗುತ್ತದೆ. 1998ರಲ್ಲಿ ದೆಹಲಿಯಲ್ಲಿ ಈ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ 60ಕ್ಕೂ ಹೆಚ್ಚು ಜನ ಮೃತಪಟ್ಟರು.

ಕಾಳುಗಳು ಬೆರೆತ ಮೇಲೆ ಬರಿಗಣ್ಣಿಗೆ ಬೇರ್ಪಡಿಸುವುದು ಕಷ್ಟ. ಹೂವಿನ ಬಣ್ಣವೂ ನೆರವಾಗದು, ಎರಡೂ ಹಳದಿ. ಹೊಲದಲ್ಲಿ ನಿಂತ ಗಿಡದ ಎಲೆಯಾದರೆ ಒಡನೆಯೇ ಹೇಳಿಬಿಡುತ್ತದೆ: ಸಾಸಿವೆಯ ಕೆಳಎಲೆಗೆ ಹಾಲೆ, ಹಲ್ಲುಗಳಿದ್ದರೂ ಮುಳ್ಳಿಲ್ಲ, ಅರಿಶಿನ ಉಮ್ಮತ್ತಿಯದು ಬಿಳಿ ನರಗಳ ಬೂದುಹಸಿರು ಎಲೆ, ಪ್ರತಿ ಹಲ್ಲಿನ ತುದಿಯಲ್ಲೂ ಚೂಪಾದ ಮುಳ್ಳು. ಮುರಿದರೆ ಹಳದಿ ರಸ ಒಸರುತ್ತದೆ. ಕಾಯಿ ಒಡೆದು ಬೀಜ ಚೆಲ್ಲುವ ಮುನ್ನವೇ ಇದನ್ನು ಕೀಳಬೇಕು, ಅದೂ ಬರಿಗೈಯಲ್ಲಲ್ಲ.